ಹಗ್ಗಕ್ಕೆ ತಕ್ಕ ಮೊನೆ

ಹಗ್ಗದ ಗಂಟು ಬಿಗಿದುಕೊಂಡು ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳದಿದ್ದಾಗ ನಾವು ಮೊದಲು ಉಗುರು ಹಾಕುತ್ತೇವೆ, ಆಮೇಲೆ ಹಲ್ಲು. ಅದಕ್ಕೂ ಜಗ್ಗದಿದ್ದರೆ ಸ್ಕ್ರೂಡ್ರೈವರ್ ಬರುತ್ತದೆ. ಕೊನೆಗೆ ತಾಳ್ಮೆ ಕೆಟ್ಟು ಕತ್ತಿಯೋ ಕುಡುಗೋಲೋ ತಂದು ಗಂಟನ್ನೇ ಕತ್ತರಿಸಿ ಎಸೆಯುತ್ತೇವೆ. ಹತ್ತು ಮೀಟರಿನ ಹಗ್ಗ ಒಂಬತ್ತಾಗುತ್ತದೆ, ಮುಂದಿನ ಸಲ ಎಂಟಾಗುತ್ತದೆ. ಕತ್ತರಿಸಿದ ತುದಿಯ ಎಳೆಗಳು ಬಿಚ್ಚಿಕೊಂಡು ಕೆದರುತ್ತವೆ. ವರ್ಷಗಟ್ಟಲೆ ಬಾಳಬೇಕಾದ ಹಗ್ಗ ತುಂಡುತುಂಡಾಗಿ ಕೊಟ್ಟಿಗೆಯ ಮೂಲೆ ಸೇರುತ್ತದೆ. ದುಡಿದು ಸವೆದ ಹಗ್ಗದ ಬಗ್ಗೆ ದುಃಖಪಡಬೇಕಾಗಿಲ್ಲ, ಅದರ ಕೆಲಸ ಅದು ಮಾಡಿದೆ. ಬಿಚ್ಚಲು ಬಾರದೆ ಕೈಯಾರೆ ಕತ್ತರಿಸಿದ ಹಗ್ಗ ಮಾತ್ರ ಬರೀ ನಷ್ಟ.

ಹಗ್ಗವನ್ನೇ ನಂಬಿ ಸಮುದ್ರಕ್ಕಿಳಿದ ನಾವಿಕರು ಈ ತೊಂದರೆಗೆ ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡರು. ಅದೇ ಮಾರ್ಲಿನ್‌ಸ್ಪೈಕ್. ಒಂದು ಕಡೆ ದಪ್ಪ ತಲೆ, ಅಲ್ಲಿಂದ ಸಾವಕಾಶವಾಗಿ ಸಪೂರವಾಗುತ್ತ ಬಂದು ತುದಿಯಲ್ಲಿ ತುಸು ಚಪ್ಪಟೆಯಾಗುವ ಉಕ್ಕಿನ ಕಡ್ಡಿ, ಅಷ್ಟೇ. ನೋಡುವುದಕ್ಕೆ ಗೋಣಿಚೀಲ ಹೊಲಿಯುವ ದಬ್ಬಳದಂತೆ ಕಾಣುತ್ತದೆ. ಆದರೆ ದಬ್ಬಳದ ಕೆಲಸ ಚುಚ್ಚಿ ತೂತು ಮಾಡುವುದು. ಮಾರ್ಲಿನ್‌ಸ್ಪೈಕಿನ ಕೆಲಸ ಎಳೆಗಳ ನಡುವೆ ನುಸುಳಿ, ಒಂದು ನಾರನ್ನೂ ಹರಿಯದೆ, ಜಾಗ ಮಾಡಿಕೊಡುವುದು. ಇದನ್ನು ಕೊಳ್ಳುವಾಗ ಏನು ನೋಡಬೇಕು, ಹಿಡಿದಾಗ ಹೇಗೆ ಹಿಡಿಯಬೇಕು ಎನ್ನುವುದೆಲ್ಲ ಈ ವ್ಯತ್ಯಾಸದಿಂದಲೇ ಹುಟ್ಟುತ್ತದೆ. ಮೊನೆ ಹರಿತವಾಗಿದ್ದಷ್ಟೂ ಒಳ್ಳೆಯದು ಎಂದುಕೊಂಡು ಅಂಗಡಿಗೆ ಹೋದವರು ತಪ್ಪು ಸಾಮಾನು ತರುತ್ತಾರೆ.

ಹಾಯಿಹಡಗಿನ ಕಾಲದಲ್ಲಿ ಈ ಕಡ್ಡಿಗೆ ಇದ್ದ ಬೆಲೆ ತಿಳಿಯಲು ಒಂದು ಲೆಕ್ಕ ಸಾಕು. 1869ರಲ್ಲಿ ನೀರಿಗಿಳಿದ, ಈಗ ಲಂಡನ್ನಿನ ಗ್ರೀನಿಚ್‌ನಲ್ಲಿ ಕಾಪಾಡಿಟ್ಟಿರುವ ಕಟಿ ಸಾರ್ಕ್ ಎಂಬ ಹಡಗಿನ ಹಾಯಿ ಮತ್ತು ಕಂಬಗಳಿಗೆ ಕಟ್ಟಿದ ಹಗ್ಗಗಳ ಒಟ್ಟು ಉದ್ದ 11 ಮೈಲಿ, ಹತ್ತಿರ ಹತ್ತಿರ 18 ಕಿಲೋಮೀಟರ್. ಇಷ್ಟೂ ಹಗ್ಗ ಬಿಸಿಲು, ಮಳೆ, ಉಪ್ಪುನೀರಿನಲ್ಲಿ ದಿನವೂ ಸವೆಯುತ್ತಿತ್ತು. ಸವೆದದ್ದನ್ನು ನಡುಸಮುದ್ರದಲ್ಲೇ ಬಿಚ್ಚಿ, ಹೆಣೆದು, ಮತ್ತೆ ಕಟ್ಟಬೇಕು. ಹೊಸದು ಕೊಳ್ಳಲು ಅಲ್ಲಿ ಅಂಗಡಿಯಿಲ್ಲ. ಹಾಗಾಗಿ ಪ್ರತಿ ನಾವಿಕನ ಸೊಂಟದಲ್ಲಿ ಚಾಕುವಿನ ಜೊತೆಗೆ ಸ್ಪೈಕ್ ಇರುವುದು ವಾಡಿಕೆಯಾಯಿತು. ಮಾರ್ಲೈನ್ ಎಂಬ, ಡಾಂಬರು ಹಚ್ಚಿದ ಎರಡೆಳೆಯ ಸಣ್ಣ ಹುರಿಯನ್ನು ದಪ್ಪ ಹಗ್ಗದ ಮೇಲೆ ಬಿಗಿಯಾಗಿ ಸುತ್ತಿ ರಕ್ಷಣೆ ಕೊಡುವ ಕೆಲಸಕ್ಕೂ ಈ ಕಡ್ಡಿಯೇ ಬೇಕಾಗುತ್ತಿತ್ತು. ಇವತ್ತಿಗೂ ನೌಕಾಪಡೆಗಳ ತರಬೇತಿಯಲ್ಲಿ ಹಗ್ಗದ ಕೆಲಸವನ್ನೆಲ್ಲ ಒಟ್ಟಾಗಿ ಕರೆಯುವುದು ಈ ಉಪಕರಣದ ಹೆಸರಿನಿಂದಲೇ.

ಈ ವಿದ್ಯೆಯನ್ನು ಪುಸ್ತಕಕ್ಕೆ ಇಳಿಸಿದವರಲ್ಲಿ ಮೊದಲಿಗೆ ನೆನೆಯಬೇಕಾದವರು ಅಮೆರಿಕದ ಕ್ಲಿಫರ್ಡ್ ಆಶ್ಲಿ. ತಿಮಿಂಗಿಲ ಬೇಟೆಯ ಬಂದರಾಗಿದ್ದ ನ್ಯೂ ಬೆಡ್‌ಫರ್ಡ್‌ನಲ್ಲಿ ಹುಟ್ಟಿದ ಅವರು ವೃತ್ತಿಯಿಂದ ಚಿತ್ರಕಾರರು. ಹನ್ನೊಂದು ವರ್ಷ ದುಡಿದು, ತಾವೇ ಬಿಡಿಸಿದ ಚಿತ್ರಗಳೊಡನೆ, 3,800ಕ್ಕೂ ಮೀರಿದ ನಮೂದುಗಳಿರುವ ಗಂಟುಗಳ ಪುಸ್ತಕವನ್ನು 1944ರಲ್ಲಿ ಹೊರತಂದರು. ಗಂಟು ಕಟ್ಟುವವರು ಇಂದಿಗೂ ಒಂದು ಗಂಟನ್ನು ಗುರುತಿಸುವುದು ಆ ಪುಸ್ತಕದ ಸಂಖ್ಯೆಯಿಂದ. 1982ರಲ್ಲಿ ಇಂಗ್ಲೆಂಡಿನಲ್ಲಿ ಗಂಟು ಕಟ್ಟುವವರ ಅಂತಾರಾಷ್ಟ್ರೀಯ ಸಂಘವೊಂದು ಹುಟ್ಟಿಕೊಂಡಿತು. ಹಾಯಿಹಡಗುಗಳ ಕಾಲ ಮುಗಿದರೂ ವಿದ್ಯೆ ಮುಗಿಯಲಿಲ್ಲ.

ನಮಗೂ ಇದು ದೂರದ ಮಾತಲ್ಲ. ಮಲ್ಪೆ, ಮಂಗಳೂರು, ಕಾರವಾರಗಳ ಧಕ್ಕೆಯಲ್ಲಿ ನಿಂತು ನೋಡಿದರೆ ನೈಲಾನ್ ಹಗ್ಗ, ಪಾಲಿಪ್ರೊಪಿಲೀನ್ ಹಗ್ಗ, ಟ್ರಾಲ್ ಬಲೆ ಎಳೆಯುವ ತಂತಿ ಹಗ್ಗಗಳಿಲ್ಲದೆ ಒಂದು ದೋಣಿಯೂ ಕದಲುವುದಿಲ್ಲ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ಭಾರತೀಯ ನೌಕಾಪಡೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯದ ಹಲಗೆಗಳನ್ನು ಮೊಳೆ ಹೊಡೆದು ಕೂಡಿಸಿಲ್ಲ. ಅಜಂತಾದ ಚಿತ್ರವೊಂದರ ಆಧಾರದಲ್ಲಿ ಕಟ್ಟಿದ ಆ ಹಾಯಿಹಡಗಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿಯಲಾಗಿದೆ. ಹಗ್ಗವೊಂದು ಹಡಗನ್ನೇ ಹಿಡಿದಿಡಬಲ್ಲದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸ್ಪೈಕ್ ಏಕೆ ಬೇಕು ಎನ್ನುವುದಕ್ಕೆ ಬಿಗಿದ ಗಂಟು ಬಿಚ್ಚುವುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆಯೇ ಇದೆ. ಗಂಟು ಹಾಕಿದ ಹಗ್ಗದಲ್ಲಿ ಅದರ ಪೂರ್ತಿ ಬಲ ಉಳಿಯುವುದಿಲ್ಲ. ಗಂಟಿನೊಳಗೆ ಹಗ್ಗ ಥಟ್ಟನೆ ಬಾಗುತ್ತದೆ. ಬಾಗಿನ ಹೊರಮೈಯ ನಾರುಗಳ ಮೇಲೆ ಭಾರವೆಲ್ಲ ಬೀಳುತ್ತದೆ, ಒಳಮೈಯ ನಾರುಗಳು ಸಡಿಲವಾಗಿರುತ್ತವೆ. ಸಾಮಾನ್ಯ ಗಂಟೊಂದು ಹಗ್ಗದ ಬಲವನ್ನು ಅರ್ಧದ ಆಸುಪಾಸಿಗೆ ಇಳಿಸುತ್ತದೆ. ಬೋಲೈನಿನಂಥ ಒಳ್ಳೆಯ ಗಂಟಿನಲ್ಲೂ ಮೂರನೇ ಒಂದು ಭಾಗದಷ್ಟು ಬಲ ಹೋಗುತ್ತದೆ. ಅದೇ ಎಳೆಗಳನ್ನು ಬಿಡಿಸಿ, ಹಗ್ಗದ ಮೈಯೊಳಗೇ ಹೆಣೆದು ಸೇರಿಸಿದರೆ, ಅಂದರೆ ಸ್ಪ್ಲೈಸ್ ಮಾಡಿದರೆ, ಸುಮಾರು 90 ಪ್ರತಿಶತ ಬಲ ಉಳಿಯುತ್ತದೆ. ಎಳೆದಷ್ಟೂ ಎಳೆಗಳು ಒಂದನ್ನೊಂದು ಅಮುಕಿ ಹಿಡಿಯುವುದರಿಂದ ಸ್ಪ್ಲೈಸ್ ಬಿಗಿಯಾಗುತ್ತಲೇ ಹೋಗುತ್ತದೆ. ಬಾವಿಯ ಕೊಡಕ್ಕೆ, ದೋಣಿಯ ಲಂಗರಿಗೆ, ಮಕ್ಕಳ ಜೋಕಾಲಿಗೆ ಶಾಶ್ವತವಾದ ಕುಣಿಕೆ ಬೇಕಿದ್ದರೆ ಗಂಟಿಗಿಂತ ಸ್ಪ್ಲೈಸ್ ಮೇಲು. ಸ್ಪ್ಲೈಸಿಗೆ ಸ್ಪೈಕ್ ಬೇಕೇ ಬೇಕು.

ಈಗ ಆಯ್ಕೆಯ ಮಾತು. ಅಂಗಡಿಗೆ ಹೋಗುವ ಮುಂಚೆ ನಿಮ್ಮ ಮನೆಯ ಹಗ್ಗವನ್ನು ಬೆಳಕಿಗೆ ಹಿಡಿದು ನೋಡಿ. ಮೂರು ದಪ್ಪ ಎಳೆಗಳನ್ನು ಒಟ್ಟಿಗೆ ಹುರಿ ಮಾಡಿದ್ದೇ? ಜಡೆಯಂತೆ ಹೆಣೆದು ನಡುವೆ ಟೊಳ್ಳು ಬಿಟ್ಟಿದ್ದೇ? ಹೆಣೆದ ಕವಚದೊಳಗೆ ಇನ್ನೊಂದು ಹೆಣೆದ ಹಗ್ಗ ಇದೆಯೇ? ಅಥವಾ ತಂತಿಯದೇ? ಹಗ್ಗದ ಬಗೆ ಬದಲಾದಂತೆ ಉಪಕರಣವೂ ಬದಲಾಗುತ್ತದೆ.

ತೆಂಗಿನ ನಾರು, ಪುಂಡಿ, ಮನಿಲಾ, ನೈಲಾನ್, ಪಾಲಿಪ್ರೊಪಿಲೀನ್ ಯಾವುದೇ ಇರಲಿ, ಮೂರೆಳೆಯ ಹಗ್ಗವಾದರೆ ಉಕ್ಕಿನ ಸ್ಪೈಕ್ ನಡೆಯುತ್ತದೆ. ಅದಕ್ಕಿಂತ ಮೃದುವಾಗಿ ನಡೆದುಕೊಳ್ಳುವುದು ಮರದ ಫಿಡ್. ಫಿಡ್ ಎಂದರೆ ಉರುಟಾದ, ಶಂಕುವಿನ ಆಕಾರದ, ಚಪ್ಪಟೆ ತುದಿಯಿಲ್ಲದ ಕಡ್ಡಿ. ಹಿಂದೆ ಇದನ್ನು ಲಿಗ್ನಮ್ ವಿಟೆಯಂಥ ಕಲ್ಲಿನಷ್ಟು ಗಟ್ಟಿ ಮರದಲ್ಲಿ ಮಾಡುತ್ತಿದ್ದರು. ತಿಮಿಂಗಿಲ ಬೇಟೆಯ ಹಡಗಿನವರು ತಿಮಿಂಗಿಲದ ಎಲುಬಿನಲ್ಲೇ ಕೆತ್ತಿಕೊಳ್ಳುತ್ತಿದ್ದರು. ಹಡಗು ಕಟ್ಟುವ ದಪ್ಪ ಹಗ್ಗಕ್ಕೆ ಮೊಳದುದ್ದದ ಫಿಡ್ ಬೇಕಾಗುತ್ತಿತ್ತು. ತಂತಿ ಹಗ್ಗಕ್ಕೆ ಮರದ ಫಿಡ್ ಹಾಕಿದರೆ ಮರವೇ ಚಿಂದಿಯಾಗುತ್ತದೆ. ಅಲ್ಲಿ ಚಪ್ಪಟೆ ತುದಿಯ ಉಕ್ಕಿನ ಸ್ಪೈಕೇ ಆಗಬೇಕು.

ಇನ್ನೊಂದು ಬಗೆ ಸ್ವೀಡಿಷ್ ಫಿಡ್. ಹಿಡಿಕೆಯಿರುವ, ಉದ್ದಕ್ಕೂ ದೋಣಿಯಂತೆ ತೋಡಿದ ಮೊನೆ ಇದರದು. ಹಗ್ಗದೊಳಗೆ ಹೊಕ್ಕಮೇಲೆ ಇದನ್ನು ಹೊರಗೆಳೆಯಬೇಕಾಗಿಲ್ಲ. ತೋಡಿನ ಮೇಲೆ ಎಳೆಯನ್ನಿಟ್ಟು ದೂಡಿದರೆ ಆಚೆ ಬದಿಗೆ ದಾಟುತ್ತದೆ. ಹೊಸದಾಗಿ ಕಲಿಯುವವರಿಗೆ ಇದರಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಸ್ಪೈಕ್ ತೆಗೆದೊಡನೆ ಎಳೆಗಳ ಬಾಯಿ ಮುಚ್ಚಿಕೊಳ್ಳುವುದೇ ಹೊಸಬರನ್ನು ಕಾಡುವ ಮೊದಲ ತೊಡಕು, ಆ ತೊಡಕು ಇಲ್ಲಿಲ್ಲ.

ಹೆಣೆದ ಹಗ್ಗಗಳದ್ದು ಬೇರೆಯೇ ಲೋಕ. ಕವಚದೊಳಗೆ ತಿರುಳಿರುವ ಹಗ್ಗಕ್ಕೆ ಕೊಳವೆಯಂಥ ಫಿಡ್ ಬೇಕು. ಅದರ ಟೊಳ್ಳು ತುದಿಯಲ್ಲಿ ಹಗ್ಗದ ತುದಿಯನ್ನು ಸಿಕ್ಕಿಸಿ, ಸೂಜಿಯಂತೆ ಇನ್ನೊಂದರ ಒಳಗೆ ತೂರಿಸುತ್ತಾರೆ. ಈ ಫಿಡ್ಡೇ ಅಳತೆಗೋಲೂ ಹೌದು. ಅದರ ಉದ್ದ ಹಗ್ಗದ ವ್ಯಾಸದ 21 ಪಟ್ಟು ಎಂಬುದು ರೂಢಿಯ ಲೆಕ್ಕ. 10 ಮಿಲಿಮೀಟರ್ ಹಗ್ಗಕ್ಕೆ 21 ಸೆಂಟಿಮೀಟರಿನ ಫಿಡ್. ಎಲ್ಲಿ ಗುರುತು ಹಾಕಬೇಕು, ಎಷ್ಟು ಒಳಗೆ ಹೋಗಬೇಕು ಎಂದು ತಯಾರಕರು ಹೇಳುವುದೆಲ್ಲ ಈ ಫಿಡ್‌ನ ಅಳತೆಯಲ್ಲಿಯೇ. ಹಗ್ಗ ತಯಾರಿಸಿದವರ ಕೈಪಿಡಿ ತೆರೆದಿಟ್ಟುಕೊಂಡೇ ಈ ಕೆಲಸ ಮಾಡಬೇಕು. ಅಂದಾಜು ಇಲ್ಲಿ ಸಲ್ಲ. ಬೆಟ್ಟ ಹತ್ತುವವರ ಕವಚದ ಹಗ್ಗಕ್ಕಂತೂ ಯಾವ ಮೊನೆಯನ್ನೂ ತೂರಿಸಬಾರದು. ಅದರ ಒಳಗಿನ ತಿರುಳಿಗೆ ಏಟು ಬಿದ್ದರೆ ಹೊರಗೆ ಕಾಣುವುದಿಲ್ಲ, ಕಾಣದ ಏಟೇ ಜೀವಕ್ಕೆ ಎರವಾಗುವುದು.

ಮನೆ, ತೋಟ, ದೋಣಿಗಳಲ್ಲಿ ನಾವು ಹೆಚ್ಚಾಗಿ ಬಳಸುವುದು ಮೂರೆಳೆಯ ಹಗ್ಗವಾದ್ದರಿಂದ ಅದಕ್ಕೆ ತಕ್ಕ ಸ್ಪೈಕನ್ನೇ ಎದುರಿಗಿಟ್ಟುಕೊಂಡು ನೋಡೋಣ. ಗಾತ್ರದ ಸೂತ್ರ ಸರಳ: ಸ್ಪೈಕಿನ ದಪ್ಪ ಭಾಗ ಹಗ್ಗದ ಒಂದು ಎಳೆ ದಾಟುವಷ್ಟು ಬಾಯಿ ತೆರೆಸಬೇಕು, ಅದಕ್ಕಿಂತ ಹೆಚ್ಚು ಬೇಡ. 12 ಮಿಲಿಮೀಟರ್ ಹಗ್ಗದ ಎಳೆ ಹೆಚ್ಚು ಕಡಿಮೆ 6 ಮಿಲಿಮೀಟರ್ ಇರುತ್ತದೆ. 20 ಸೆಂಟಿಮೀಟರ್ ಉದ್ದ, ತಲೆಯ ಹತ್ತಿರ 10 ಮಿಲಿಮೀಟರ್ ದಪ್ಪ ಇರುವ ಸ್ಪೈಕ್ ಒಂದಿದ್ದರೆ ಬಟ್ಟೆ ಒಣಹಾಕುವ ಹಗ್ಗದಿಂದ ಹಿಡಿದು ಸಣ್ಣ ದೋಣಿಯ ಲಂಗರು ಹಗ್ಗದವರೆಗೆ ನಡೆಯುತ್ತದೆ. ಗಿಡ್ಡ ಕಡ್ಡಿ ಬೇಗ ದಪ್ಪವಾಗುತ್ತದೆ, ಎಳೆಗಳನ್ನು ಒಮ್ಮೆಗೇ ಹಿಗ್ಗಿಸಿ ಅವುಗಳ ಹುರಿ ಕೆಡಿಸುತ್ತದೆ. ಉದ್ದಕ್ಕೆ ಇಳಿಜಾರಾಗಿರುವ ಕಡ್ಡಿ ನಿಧಾನವಾಗಿ ಬಾಯಿ ತೆರೆಸುತ್ತದೆ, ಕೈಗೂ ಹಿಡಿತ ಸಿಗುತ್ತದೆ.

ಮುಂದೆ ನೋಡಬೇಕಾದದ್ದು ತುದಿ. ಅದು ಬಾತುಕೋಳಿಯ ಕೊಕ್ಕಿನಂತೆ ತುಸು ಚಪ್ಪಟೆಯಾಗಿ, ಅಂಚೆಲ್ಲ ಉರುಟಾಗಿರಬೇಕು. ಚಪ್ಪಟೆ ತುದಿಯನ್ನು ಅಡ್ಡಲಾಗಿ ನುಸುಳಿಸಿ ಕಾಲು ಸುತ್ತು ತಿರುಗಿಸಿದರೆ ಎಳೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಹೆಬ್ಬೆರಳಿನ ಮೇಲೆ ಒತ್ತಿದರೆ ಚುಚ್ಚಬಾರದು. ಚುಚ್ಚಿದರೆ ಅದು ಎಳೆಯ ಪಕ್ಕದಿಂದ ಹೋಗುವ ಬದಲು ಎಳೆಯನ್ನೇ ಸೀಳಿಕೊಂಡು ಹೋಗುತ್ತದೆ, ಅರ್ಧ ನೂಲು ಮೇಲೆ, ಅರ್ಧ ನೂಲು ಕೆಳಗೆ ಆಗುತ್ತದೆ. ಸೀಳಿದ ಎಳೆಯ ಮೇಲೆ ಕೂತ ಸ್ಪ್ಲೈಸ್ ಸಮನಾಗಿ ಭಾರ ಹೊರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ನುಣುಪು. ಇದನ್ನು ಕಣ್ಣಿನಿಂದ ಅಳೆಯಲಾಗದು. ಔಷಧದ ಅಂಗಡಿಯಲ್ಲಿ ಸಿಗುವ ಹತ್ತಿಯ ಚೂರೊಂದನ್ನು ತೆಗೆದುಕೊಂಡು ಸ್ಪೈಕಿನ ತಲೆಯಿಂದ ತುದಿಯವರೆಗೆ, ಆಮೇಲೆ ತುದಿಯಿಂದ ತಲೆಯವರೆಗೆ ಒರೆಸಿ. ಮೈಮೇಲೆ ಕೂದಲೆಳೆಯಷ್ಟು ಸಣ್ಣ ಗೀರೋ ಮುಳ್ಳೋ ಇದ್ದರೂ ಹತ್ತಿಯ ನವಿರು ಎಳೆ ಅಲ್ಲಿ ಸಿಕ್ಕಿ ಬಿಳಿಯಾಗಿ ನಿಲ್ಲುತ್ತದೆ. ತುದಿಯ ಅಂಚಿನಲ್ಲಿ, ಯಂತ್ರದಲ್ಲಿ ಉಜ್ಜಿ ಬಿಟ್ಟ ಕಡೆಯಲ್ಲಿ ಇಂಥ ಮುಳ್ಳು ಹೆಚ್ಚು. ಹತ್ತಿ ಸಿಕ್ಕಿಕೊಂಡ ಜಾಗದಲ್ಲಿ ನೈಲಾನಿನ ನಾರೂ ಸಿಕ್ಕಿಕೊಳ್ಳುತ್ತದೆ, ಪ್ರತಿ ಸಲ ಒಂದಿಷ್ಟು ಹರಿಯುತ್ತದೆ. ನಯವಾದ ಎಮರಿ ಕಾಗದದಿಂದ ಉದ್ದುದ್ದಕ್ಕೆ ಉಜ್ಜಿ, ಮತ್ತೆ ಹತ್ತಿ ಆಡಿಸಿ. ಹತ್ತಿ ಎಲ್ಲಿಯೂ ತಡೆಯದೆ ಜಾರಿದರೆ ಸ್ಪೈಕ್ ಕೆಲಸಕ್ಕೆ ಸಿದ್ಧ.

ಲೋಹದಲ್ಲಿ ಎರಡು ಆಯ್ಕೆ. ಕಾರ್ಬನ್ ಉಕ್ಕು ಗಟ್ಟಿ, ಆದರೆ ಕರಾವಳಿಯ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕೆಂದರೆ ಉಪ್ಪುಕಾಗದ, ನಾರಿಗೆ ಶತ್ರು. ಸಮುದ್ರದ ಹತ್ತಿರ ಇರುವವರು ಸ್ಟೇನ್‌ಲೆಸ್ ಸ್ಟೀಲ್ ಆರಿಸಿಕೊಳ್ಳುವುದು ಲೇಸು. ತಲೆಯಲ್ಲಿ ಒಂದು ತೂತು ಇರಲೇಬೇಕು, ಅದಕ್ಕೆ ದಾರ ಕಟ್ಟಿ ಮಣಿಕಟ್ಟಿಗೋ ಸೊಂಟಕ್ಕೋ ಸಿಕ್ಕಿಸಿಕೊಳ್ಳಲು. ಹಾಯಿಕಂಬದ ಮೇಲಿಂದ ಕೈಜಾರಿದ ಸ್ಪೈಕ್ ಕೆಳಗೆ ನಿಂತವನ ತಲೆಯ ಮೇಲೆ ಬಿದ್ದರೆ ಏನಾಗುತ್ತದೆ ಎಂದು ನಾವಿಕರಿಗೆ ಗೊತ್ತಿತ್ತು. ದಾರ ಕಟ್ಟದೆ ಮೇಲೆ ಹತ್ತುವುದು ಅವರಲ್ಲಿ ನಿಷಿದ್ಧ. ತೆಂಗಿನ ಮರ, ಅಡಿಕೆ ಮರ, ಮೊಬೈಲ್ ಗೋಪುರ, ಕಟ್ಟಡದ ಸಾರ್ವೆ ಹತ್ತಿ ಕೆಲಸ ಮಾಡುವ ನಮ್ಮವರಿಗೂ ಇದೇ ನಿಯಮ.

ಮಡಚುವ ಚಾಕುವಿನ ಜೊತೆಗೆ ಬರುವ ಸ್ಪೈಕ್ ಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಬ್ರಿಟಿಷ್ ಸೇನೆಯ ಹಳೆಯ ಮಡಚುಚಾಕುವಿನಲ್ಲಿ ಇಂಥ ಮೊನೆ ಇರುತ್ತಿತ್ತು. ಅದು ಕುದುರೆಯ ಗೊರಸಿನಿಂದ ಕಲ್ಲು ತೆಗೆಯಲು ಎಂಬ ಕತೆ ಜನಪ್ರಿಯ, ಆದರೆ ನಿಜವಾಗಿ ಅದು ಹಗ್ಗದ ಕೆಲಸದ ಸ್ಪೈಕೇ. ಪ್ರಯಾಣದಲ್ಲಿ, ಜೇಬಿನಲ್ಲಿ ಇಟ್ಟುಕೊಳ್ಳಲು ಇದು ಅನುಕೂಲ. ಕೊಳ್ಳುವುದಾದರೆ ಬಿಚ್ಚಿದ ಸ್ಪೈಕ್ ಗಟ್ಟಿಯಾಗಿ ಕಚ್ಚಿ ನಿಲ್ಲುವ ಲಾಕ್ ಇದೆಯೇ ನೋಡಿ. ಲಾಕ್ ಇಲ್ಲದಿದ್ದರೆ ಒತ್ತಿದಾಗ ಮಡಚಿಕೊಂಡು ಬೆರಳಿಗೆ ಬೀಳುತ್ತದೆ. ಮನೆಯ ಕೆಲಸಕ್ಕೆ ಬಿಡಿ ಸ್ಪೈಕೇ ಸರಿ.

ಹತ್ತಿರದ ಅಂಗಡಿಯಲ್ಲಿ ಸಿಗದಿದ್ದರೆ ಮಾಡಿಸಿಕೊಳ್ಳುವುದು ಕಷ್ಟವೇನಲ್ಲ. ಯಾವ ಊರಿನ ಲೇತ್ ಅಂಗಡಿಗೆ ಹೋದರೂ 12 ಮಿಲಿಮೀಟರಿನ ಸ್ಟೇನ್‌ಲೆಸ್ ಸಲಾಕೆಯ ತುಂಡನ್ನು ಇಳಿಜಾರಾಗಿ ತಿರುವಿ, ತುದಿಯನ್ನು ಚಪ್ಪಟೆ ಮಾಡಿ, ಬಫಿಂಗ್ ಹಾಕಿ ಕೊಡುತ್ತಾರೆ. ತಲೆಯಲ್ಲಿ ತೂತು ಕೊರೆಸಲು ಮರೆಯಬೇಡಿ. ಫಿಡ್ ಬೇಕಿದ್ದರೆ ಹುಣಸೆ, ಜಾಲಿಯಂಥ ಗಟ್ಟಿಮರದ ಚೇಗು ಸಾಕು. ಬಡಗಿ ಉಜ್ಜಿಕೊಟ್ಟ ಮೇಲೆ ಮರಳುಕಾಗದ ಹಾಕಿ, ಎಣ್ಣೆ ಕುಡಿಸಿದರಾಯಿತು. ಮೊಳೆ, ಸ್ಕ್ರೂಡ್ರೈವರ್ ಮಾತ್ರ ಬೇಡ. ಸ್ಕ್ರೂಡ್ರೈವರಿನ ತುದಿಗೆ ನಾಲ್ಕು ಮೂಲೆಗಳಿವೆ, ಪ್ರತಿ ಮೂಲೆಯೂ ಹಗ್ಗದ ಪಾಲಿಗೆ ಚಾಕು.

ಇನ್ನು ಬಳಕೆ. ಗಂಟು ಬಿಚ್ಚಲು ಕೂತಾಗ ಮೊದಲ ಕೆಲಸ ಸ್ಪೈಕಿನದಲ್ಲ, ಕಣ್ಣಿನದು. ಹಗ್ಗ ಎಲ್ಲಿಂದ ಬಂದು ಎಲ್ಲಿಗೆ ಹೋಗಿದೆ ಎಂದು ಗುರುತಿಸಿ. ನಾರಿನ ಹಗ್ಗ ಒದ್ದೆಯಾಗಿದ್ದರೆ ಮೊದಲು ಒಣಗಿಸಿ. ನೀರು ಕುಡಿದ ನಾರು ಉಬ್ಬಿ ಗಂಟನ್ನು ಇನ್ನಷ್ಟು ಬಿಗಿಯುತ್ತದೆ. ಗಂಟನ್ನು ಅಂಗೈಗಳ ನಡುವೆ ಉರುಳಿಸಿ, ಭಾರ ಹೊತ್ತಿದ್ದ ಹಗ್ಗವನ್ನು ಗಂಟಿನೊಳಕ್ಕೆ ಹಿಂದೆ ತಳ್ಳಿ ನೋಡಿ. ಆಮೇಲೆ ಅತಿ ಸಡಿಲವಾಗಿ ಕಾಣುವ ಸುತ್ತು ಯಾವುದೋ ಅಲ್ಲಿಗೆ ಮಾತ್ರ ಸ್ಪೈಕಿನ ತುದಿ ನುಸುಳಿಸಿ, ಮೀಟಬೇಡಿ, ಎಡಕ್ಕೂ ಬಲಕ್ಕೂ ಮೆಲ್ಲಗೆ ಹೊರಳಿಸಿ. ಒಂದು ಸುತ್ತು ಅರ್ಧ ಅಂಗುಲ ಸಡಿಲವಾದರೆ ಉಳಿದದ್ದು ತಾನಾಗಿ ಬಿಡುತ್ತದೆ. ಬಿಗಿಯಾದ ಕಡೆಯೇ ಮೊನೆ ಹಾಕಿ ಒತ್ತುವುದು ಎಲ್ಲರೂ ಮಾಡುವ ತಪ್ಪು.

ಬಿಗಿಯಲಿಕ್ಕೂ ಸ್ಪೈಕ್ ಬೇಕು. ಹಗ್ಗದ ತುದಿ ಕೆದರದಂತೆ ನೂಲು ಸುತ್ತಿ ಬಿಗಿಯುವಾಗ ಸಣ್ಣ ದಾರ ಬೆರಳನ್ನು ಕೊಯ್ಯುತ್ತದೆ. ಅದಕ್ಕೆ ನಾವಿಕರು ಕಂಡುಕೊಂಡದ್ದು ಮಾರ್ಲಿನ್‌ಸ್ಪೈಕ್ ಹಿಚ್. ಆಶ್ಲಿಯ ಪುಸ್ತಕದಲ್ಲಿ ಅದರ ಸಂಖ್ಯೆ 2030. ದಾರದಲ್ಲಿ ಒಂದು ಸುತ್ತು ಮಾಡಿ, ಆ ಸುತ್ತನ್ನು ಕೆಲಸದ ಕಡೆಯಿಂದ ಬರುವ ದಾರದ ಮೇಲೆ ಮಡಚಿ ಹಾಕಿ. ಈಗ ಸುತ್ತಿನ ನಡುವೆ ಆ ದಾರ ಕಾಣುತ್ತದೆ. ಸ್ಪೈಕನ್ನು ಸುತ್ತಿನ ಒಂದು ಅಂಚಿನ ಮೇಲೆ, ನಡುವಿನ ದಾರದ ಕೆಳಗೆ, ಇನ್ನೊಂದು ಅಂಚಿನ ಮೇಲೆ ಬರುವಂತೆ ತೂರಿಸಿ ಎಳೆಯಿರಿ. ದಾರ ಸ್ಪೈಕಿಗೆ ಕಚ್ಚಿಕೊಳ್ಳುತ್ತದೆ, ಸ್ಪೈಕೇ ಹಿಡಿಕೆಯಾಗುತ್ತದೆ, ಎರಡೂ ಕೈಯ ಬಲ ಹಾಕಿ ಜಗ್ಗಬಹುದು. ಕೆಲಸ ಮುಗಿದ ಮೇಲೆ ಸ್ಪೈಕ್ ಹೊರಗೆಳೆದರೆ ಗಂಟಿನ ಗುರುತೂ ಉಳಿಯುವುದಿಲ್ಲ. ಕಟ್ಟಿದಷ್ಟೇ ಸುಲಭವಾಗಿ ಬಿಡುವ ಇಂಥ ಗಂಟುಗಳಲ್ಲಿಯೇ ಈ ವಿದ್ಯೆಯ ಸೊಗಸು ಇರುವುದು.

ಕಲಿಯಲೇಬೇಕಾದದ್ದು ಕುಣಿಕೆಯ ಸ್ಪ್ಲೈಸ್. 12 ಮಿಲಿಮೀಟರಿನ ಮೂರೆಳೆಯ ನೈಲಾನ್ ಹಗ್ಗ ತೆಗೆದುಕೊಳ್ಳಿ. ತುದಿಯಿಂದ 25 ಸೆಂಟಿಮೀಟರ್ ಒಳಗೆ ದಾರ ಬಿಗಿದು ಕಟ್ಟಿ, ಅಲ್ಲಿಯವರೆಗೆ ಮೂರೂ ಎಳೆ ಬಿಡಿಸಿ, ಪ್ರತಿ ಎಳೆಯ ತುದಿಗೆ ಟೇಪ್ ಸುತ್ತಿ. ಬೇಕಾದಷ್ಟು ಅಗಲದ ಕುಣಿಕೆ ಮಾಡಿ, ಬಿಡಿಸಿದ ಎಳೆಗಳನ್ನು ಹಗ್ಗದ ಮೈಮೇಲೆ ಇಡಿ. ನಡುವಿನ ಎಳೆಯಿಂದ ಶುರು. ಹಗ್ಗದ ಒಂದು ಎಳೆಯ ಕೆಳಗೆ ಸ್ಪೈಕ್ ನುಸುಳಿಸಿ ತಿರುಗಿಸಿ, ಸ್ಪೈಕ್ ಹೊರಬರುತ್ತಿದ್ದಂತೆ ಅದೇ ದಾರಿಯಲ್ಲಿ ಬಲದಿಂದ ಎಡಕ್ಕೆ, ಹುರಿಗೆ ಎದುರಾಗಿ, ಈ ಎಳೆಯನ್ನು ತೂರಿಸಿ. ಎಡಗಡೆಯ ಎಳೆ ಈಗ ಎದ್ದು ಕೂತ ಎಳೆಯ ಮೇಲಿಂದ ದಾಟಿ ಮುಂದಿನದರ ಕೆಳಗೆ ಹೋಗಬೇಕು. ಹಗ್ಗವನ್ನು ಮಗುಚಿ, ಉಳಿದ ಎಳೆಯನ್ನು ಹಗ್ಗದಲ್ಲಿ ಉಳಿದ ಒಂದು ಎಳೆಯ ಕೆಳಗೆ, ಇದನ್ನೂ ಬಲದಿಂದ ಎಡಕ್ಕೇ ತೂರಿಸಿ. ಎಲ್ಲರೂ ಎಡವುವುದು ಈ ಮೂರನೆಯದರಲ್ಲಿ, ಮಗುಚಿದಾಗ ದಿಕ್ಕು ತಪ್ಪಿ.

ಈಗ ತಡೆದು ನೋಡಿ. ಮೂರು ಎಳೆಗಳು ಒಂದೇ ಮಟ್ಟದಲ್ಲಿ, ಮೂರು ಬೇರೆ ಬೇರೆ ಸಂದಿಗಳಿಂದ ಹೊರಬಂದಿರಬೇಕು. ಒಂದೇ ಸಂದಿಯಿಂದ ಎರಡು ಬಂದಿದ್ದರೆ ಬಿಚ್ಚಿ ಮತ್ತೆ ಮಾಡಿ, ಮುಂದುವರಿಯಬೇಡಿ. ಸರಿಯಾಗಿದ್ದರೆ ಒಂದೊಂದನ್ನೂ ಅದರ ಹುರಿ ಬಿಚ್ಚದಂತೆ ಬೆರಳಲ್ಲಿ ತಿರುವುತ್ತ ಎಳೆದು ಕೂರಿಸಿ. ಅಲ್ಲಿಂದ ಮುಂದೆ ಪಾಠ ಒಂದೇ: ಒಂದರ ಮೇಲೆ, ಒಂದರ ಕೆಳಗೆ. ಹೀಗೆ ಒಂದು ಸುತ್ತು ಮುಗಿದರೆ ಒಂದು ಟಕ್. ನಾರಿನ ಹಗ್ಗಕ್ಕೆ ಮೂರು ಟಕ್ ಸಾಕು, ಏಕೆಂದರೆ ಒರಟು ನಾರು ತಾನೇ ಕಚ್ಚುತ್ತದೆ. ನೈಲಾನ್, ಪಾಲಿಪ್ರೊಪಿಲೀನ್ ಜಾರುವುದರಿಂದ ಅವಕ್ಕೆ ಕನಿಷ್ಠ ಐದು. ಕೊನೆಯಲ್ಲಿ ಎಳೆಗಳ ಅರ್ಧ ನೂಲು ಕತ್ತರಿಸಿ ಇನ್ನೊಂದು ಟಕ್ ಹಾಕಿದರೆ ಸ್ಪ್ಲೈಸ್ ಇಳಿಜಾರಾಗಿ ಮುಗಿಯುತ್ತದೆ, ರಾಟೆಯಲ್ಲಿ ಹೋಗುವಾಗ ತಡೆಯುವುದಿಲ್ಲ. ಭಾರ ಬೀಳುವ ಕುಣಿಕೆಯಾದರೆ ಹಗ್ಗ ಸವೆಯದಂತೆ ಒಳಗೆ ಥಿಂಬಲ್ ಎಂಬ ಲೋಹದ ಬಳೆ ಕೂರಿಸಿ.

ತಂತಿ ಹಗ್ಗದ ಸ್ಪ್ಲೈಸ್ ಮನೆಯಲ್ಲಿ ಕಲಿಯುವ ವಿದ್ಯೆಯಲ್ಲ. ಎತ್ತುವ ಸಲಕರಣೆಗಳ ಕುಣಿಕೆಗೆ ಇಡೀ ಎಳೆಯ ಮೂರು ಟಕ್, ಆಮೇಲೆ ಅರ್ಧ ತಂತಿ ಕತ್ತರಿಸಿದ ಎಳೆಯ ಎರಡು ಟಕ್ ಕನಿಷ್ಠ ಇರಬೇಕೆಂದು ಬಂದರು ಸುರಕ್ಷತೆಯ ನಿಯಮಗಳೇ ಹೇಳುತ್ತವೆ. ತುಂಡಾದ ತಂತಿಯ ಕೊನೆ ಅಂಗೈಯನ್ನು ಸೀಳುತ್ತದೆ, ಬಿಗಿದ ತಂತಿ ಚಿಮ್ಮಿ ಕಣ್ಣಿಗೆ ಹಾರುತ್ತದೆ. ಬಲ್ಲವರ ಜೊತೆ ಕೂತು, ಚರ್ಮದ ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ವೈಸ್‌ನಲ್ಲಿ ಹಗ್ಗ ಬಿಗಿದು ಕಲಿಯಬೇಕಾದ ಕೆಲಸ ಅದು.

ಸುರಕ್ಷತೆಯ ಮಾತು ಯಾವ ಹಗ್ಗಕ್ಕಾದರೂ ಒಂದೇ. ಎಳೆತದಲ್ಲಿರುವ ಹಗ್ಗಕ್ಕೆ ಸ್ಪೈಕ್ ಹಾಕಬೇಡಿ. ಭಾರ ಇಳಿಸಿ, ಆಮೇಲೆ ಮೊನೆ ತೂರಿಸಿ. ಅಂಗೈಯ ಕಡೆಗೆ, ತೊಡೆಯ ಕಡೆಗೆ, ಹೊಟ್ಟೆಯ ಕಡೆಗೆ ಒತ್ತಬೇಡಿ, ಜಾರಿದ ಮೊನೆ ನೇರ ಅಲ್ಲಿಗೇ ಬರುತ್ತದೆ. ಹಗ್ಗವನ್ನು ಮೇಜಿನ ಅಂಚಿಗೋ ಮರದ ತುಂಡಿಗೋ ಆನಿಸಿಕೊಳ್ಳಿ. ಸ್ಪೈಕನ್ನು ಉಳಿಯಂತೆ ಸುತ್ತಿಗೆಯಿಂದ ಹೊಡೆಯಬೇಡಿ, ಹಾರೆಯಂತೆ ಮೀಟಬೇಡಿ. ಶ್ಯಾಕಲ್ ಎಂಬ ಲೋಹದ ಕೊಂಡಿಯ ಬಿಗಿದ ತಿರುಪಿನ ಕಣ್ಣಿಗೆ ಸಿಕ್ಕಿಸಿ ತಿರುಗಿಸುವುದು ಅದರ ಹಳೆಯ ಉಪಯೋಗಗಳಲ್ಲಿ ಒಂದು, ಅಷ್ಟರಮಟ್ಟಿಗೆ ಸರಿ. ಬಾಗಿದ ಸ್ಪೈಕ್ ಮತ್ತೆ ಹಗ್ಗದ ಕೆಲಸಕ್ಕೆ ಬಾರದು. ಕೆಲಸ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಒಂದು ಹನಿ ಎಣ್ಣೆ ಸವರಿಡಿ. ಎಣ್ಣೆ ಹೆಚ್ಚಾದರೆ ಧೂಳು ಕೂರುತ್ತದೆ, ಧೂಳು ನಾರಿನೊಳಗೆ ಹೋಗುತ್ತದೆ.

ಹಗ್ಗ ಅಗ್ಗದ ಸಾಮಾನು ಎಂದುಕೊಂಡಿದ್ದೇವೆ. ಅದರ ಕೊನೆಯಲ್ಲಿ ನೇತಾಡುವುದು ಅಗ್ಗದ್ದಲ್ಲ. ಮರ ಹತ್ತಿದ ಮನುಷ್ಯ, ಜೋಕಾಲಿಯ ಮಗು, ಅಲೆಯ ಮೇಲೆ ನಿಂತ ದೋಣಿ, ಬೋರ್‌ವೆಲ್ಲಿಗೆ ಇಳಿಬಿಟ್ಟ ಪಂಪು ಎಲ್ಲವೂ ಹಗ್ಗದ ಒಂದು ಕುಣಿಕೆಯನ್ನು ನಂಬಿವೆ. ನಮ್ಮ ಪಾಲಿಟೆಕ್ನಿಕ್, ಐಟಿಐ, ಸ್ಕೌಟ್ ದಳಗಳಲ್ಲಿ, ಕರಾವಳಿಯ ಶಾಲೆಗಳಲ್ಲಾದರೂ, ಮಕ್ಕಳ ಕೈಗೆ ಒಂದು ಮೀಟರ್ ಮೂರೆಳೆಯ ಹಗ್ಗ ಮತ್ತು ಒಂದು ನುಣುಪಾದ ಮರದ ಫಿಡ್ ಕೊಟ್ಟು ಕುಣಿಕೆಯ ಸ್ಪ್ಲೈಸ್ ಕಲಿಸಬೇಕು. ಒಂದು ಮಧ್ಯಾಹ್ನದಲ್ಲಿ ಬರುವ ವಿದ್ಯೆ, ಜೀವಮಾನವಿಡೀ ಬಿಡದ ವಿದ್ಯೆ. ನೀವೂ ಮುಂದಿನ ಸಲ ಗಂಟು ಬಿಗಿದಾಗ ಚಾಕುವಿಗೆ ಕೈ ಹಾಕುವ ಮೊದಲು ಒಂದು ಸ್ಪೈಕ್ ಮಾಡಿಸಿಕೊಳ್ಳಿ. ಹಗ್ಗ ಉಳಿಯುತ್ತದೆ, ಕೆಲಸ ಗಟ್ಟಿಯಾಗುತ್ತದೆ.